ಪೆಟ್ರೋಲಿಯಂ ಮೇಣದಿಂದ ಪಶು ಆಹಾರ: ಒಂದು ದೊಡ್ಡ ಯೋಜನೆ ಎದ್ದು ಬಿದ್ದ ಕಥೆ

ಪೆಟ್ರೋಲ್ ಬಂಕಿಗೂ ಹಟ್ಟಿಯಲ್ಲಿ ಕಟ್ಟಿದ ಹಸುವಿಗೂ ಏನು ಸಂಬಂಧ ಎಂದು ಕೇಳಿದರೆ ಯಾರಾದರೂ ನಕ್ಕಾರು. ಆದರೆ 1960 ಮತ್ತು 70ರ ದಶಕಗಳಲ್ಲಿ ಜಗತ್ತಿನ ದೊಡ್ಡ ತೈಲ ಕಂಪನಿಗಳು, ಸರ್ಕಾರಗಳು ಮತ್ತು ವಿಜ್ಞಾನಿಗಳು ಈ ಸಂಬಂಧವನ್ನು ಕುದುರಿಸಲು ಕೋಟಿಗಟ್ಟಲೆ ಹಣ ಸುರಿದಿದ್ದರು. ಕಚ್ಚಾ ಎಣ್ಣೆ ಶುದ್ಧೀಕರಿಸುವಾಗ ಉಳಿಯುವ ಮೇಣದಂಥ ಪದಾರ್ಥವನ್ನು ಯೀಸ್ಟಿಗೆ ತಿನ್ನಿಸುವುದು, ಹಾಗೆ ಬೆಳೆದ ಯೀಸ್ಟನ್ನು ಒಣಗಿಸಿ ಕೋಳಿ, ಹಂದಿ, ಕರುಗಳಿಗೆ ತಿನ್ನಿಸುವುದು ಅವರ ಯೋಜನೆ. ಇದು ಬರೀ ಕಾಗದದ ಮೇಲೆ ಉಳಿಯಲಿಲ್ಲ. ಫ್ರಾನ್ಸ್, ಬ್ರಿಟನ್, ಇಟಲಿ, ಸೋವಿಯತ್ ಒಕ್ಕೂಟಗಳಲ್ಲಿ ಕಾರ್ಖಾನೆಗಳೇ ಎದ್ದವು. ಸೋವಿಯತ್ ಒಕ್ಕೂಟದಲ್ಲಂತೂ ಎರಡು ದಶಕ ಕಾಲ ಈ ಆಹಾರವನ್ನು ಜಾನುವಾರುಗಳಿಗೆ ಹಾಕಲಾಯಿತು.

ಹಿಂಡಿಗೆ ಗಡಿಯ ಈಚೆ ಒಂದು ಹೆಸರು, ಆಚೆ ಇನ್ನೊಂದು. ಕನ್ನಡದ ಹಿಂಡಿಯೇ ಮರಾಠಿಯಲ್ಲಿ ಪೆಂಡ್, ತೆಲುಗಿನಲ್ಲಿ ಚೆಕ್ಕ, ತಮಿಳಿನಲ್ಲಿ ಪುಣ್ಣಾಕ್ಕು, ಮಲಯಾಳದಲ್ಲಿ ಪಿಣ್ಣಾಕ್ಕ್. ಹೆಸರು ಯಾವುದಾದರೂ ಅದರ ದರ ಏರಿದಾಗ ಹಾಲು ಮಾರಿ ಬದುಕುವವರ ಲೆಕ್ಕ ತಪ್ಪುವುದು ಎಲ್ಲ ಕಡೆಯೂ ಒಂದೇ. ಹಿಂಡಿಗೆ ಬದಲಿ ಏನು ಎಂಬ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಆದ್ದರಿಂದ ಈ ಹಳೆಯ ಪ್ರಯೋಗ ಏನು, ಅದು ಯಾಕೆ ನಿಂತಿತು, ಅದರಿಂದ ನಾವು ತಿಳಿಯಬೇಕಾದದ್ದು ಏನು ಎಂಬುದನ್ನು ಇಲ್ಲಿ ಒಂದೆಡೆ ಕೊಡಲಾಗಿದೆ. ಈ ಲೇಖಕ ವಿಜ್ಞಾನ ಓದಿದವನಲ್ಲ. ಹಾಗಾಗಿ ವಿಷಯವನ್ನು ಸಾಮಾನ್ಯರ ಮಾತಿನಲ್ಲೇ ಹೇಳುವ ಪ್ರಯತ್ನ ಇದು.

ಯೀಸ್ಟ್ ಎಂದರೇನು?

ಯೀಸ್ಟ್ ಕಣ್ಣಿಗೆ ಕಾಣದಷ್ಟು ಚಿಕ್ಕದಾದ, ಒಂದೇ ಜೀವಕೋಶದ ಶಿಲೀಂಧ್ರ. ಬ್ರೆಡ್ ಉಬ್ಬುವುದು, ಮರದಿಂದ ಇಳಿಸಿದ ಶೇಂದಿ ಕೆಲವೇ ತಾಸುಗಳಲ್ಲಿ ನೊರೆಯೆದ್ದು ಹುಳಿಯುವುದು ಇದರ ಕೆಲಸದಿಂದಲೇ. ಅನುಕೂಲ ವಾತಾವರಣ ಸಿಕ್ಕರೆ ಕೆಲವೇ ಗಂಟೆಗಳಲ್ಲಿ ಅದು ಒಂದಿದ್ದದ್ದು ಎರಡಾಗುತ್ತದೆ. ಹಸುವಿನ ಕರು ಬೆಳೆಯಲು ವರ್ಷಗಳು ಬೇಕು, ಶೇಂಗಾ ಬೆಳೆಗೆ ಮೂರು ನಾಲ್ಕು ತಿಂಗಳು ಬೇಕು. ಯೀಸ್ಟಿಗೆ ಹೊಲ ಬೇಡ, ಮಳೆ ಬೇಡ, ಹಂಗಾಮು ಬೇಡ.

ಒಣಗಿಸಿದ ಯೀಸ್ಟಿನಲ್ಲಿ ಸುಮಾರು ಅರ್ಧ ಪಾಲು ಪ್ರೋಟೀನ್, ಅಂದರೆ ನಮ್ಮ ಶಾಲಾ ಪುಸ್ತಕಗಳು ಸಸಾರಜನಕ ಎಂದು ಕರೆಯುತ್ತಿದ್ದ ಪೋಷಕಾಂಶ. ಎಣ್ಣೆ ಮೇಣದ ಮೇಲೆ ಬೆಳೆದ ಯೀಸ್ಟಿನಲ್ಲಿ ಇದು ಶೇ. 60ರ ಆಸುಪಾಸು ಇರುತ್ತಿತ್ತು. ಹೋಲಿಕೆಗೆ ಹೇಳುವುದಾದರೆ ಸೋಯಾ ಹಿಂಡಿಯಲ್ಲಿ ಶೇ. 45ರಷ್ಟು, ಒಳ್ಳೆಯ ಶೇಂಗಾ ಹಿಂಡಿಯಲ್ಲಿ ಶೇ. 40ಕ್ಕೂ ಮೇಲೆ, ಕೊಬ್ಬರಿ ಹಿಂಡಿಯಲ್ಲಿ ಶೇ. 20ರ ಆಚೀಚೆ ಪ್ರೋಟೀನ್ ಇರುತ್ತದೆ. ಇಂಥ ಒಂದೇ ಕೋಶದ ಜೀವಿಗಳಿಂದ ಪಡೆಯುವ ಆಹಾರಕ್ಕೆ ಏಕಕೋಶ ಪ್ರೋಟೀನ್ ಎಂಬ ಹೆಸರನ್ನು 1966ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಕ್ಯಾರಲ್ ವಿಲ್ಸನ್ ಕೊಟ್ಟರು.

ಎಣ್ಣೆಯಿಂದ ಯೀಸ್ಟ್ ಬೆಳೆಸುವುದು ಹೇಗೆ?

ಕಚ್ಚಾ ಎಣ್ಣೆಯನ್ನು ಕಾಯಿಸಿ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಂದು ಬೇರ್ಪಡಿಸುತ್ತಾರೆ. ಡೀಸೆಲಿನಂಥ ಭಾಗದಲ್ಲಿ ಪ್ಯಾರಾಫಿನ್ ಎಂಬ ಮೇಣದ ಅಂಶ ಇರುತ್ತದೆ. ಮೇಣದ ಬತ್ತಿ ತಯಾರಾಗುವುದೂ ಇದರ ಜಾತಿಯ ಪದಾರ್ಥದಿಂದಲೇ. ಚಳಿಗಾಲದಲ್ಲಿ ತೆಂಗಿನೆಣ್ಣೆ ಡಬ್ಬಿಯಲ್ಲಿ ಹೆಪ್ಪುಗಟ್ಟುವಂತೆ, ಯುರೋಪಿನ ಕೊರೆಯುವ ಚಳಿಯಲ್ಲಿ ಈ ಮೇಣದಿಂದಾಗಿ ಡೀಸೆಲ್ ಗಟ್ಟಿಯಾಗಿ ಎಂಜಿನ್ನಿನ ನಳಿಗೆಗಳು ಕಟ್ಟಿಕೊಳ್ಳುತ್ತವೆ. ಆದ್ದರಿಂದ ಮೇಣವನ್ನು ತೆಗೆಯುವುದು ತೈಲ ಕಂಪನಿಗಳಿಗೆ ಮೊದಲಿಂದಲೂ ಒಂದು ತಲೆನೋವಿನ ಕೆಲಸ.

ಕೆಲವು ಜಾತಿಯ ಯೀಸ್ಟ್‌ಗಳು ಸಕ್ಕರೆಯ ಬದಲು ಈ ಮೇಣವನ್ನೇ ತಿಂದು ಬದುಕಬಲ್ಲವು. ಒಂದು ದೊಡ್ಡ ತೊಟ್ಟಿಯಲ್ಲಿ ನೀರು, ಮೇಣದ ಅಂಶ, ಸಾರಜನಕಕ್ಕಾಗಿ ಅಮೋನಿಯಾ, ಜೊತೆಗೆ ರಂಜಕ, ಪೊಟ್ಯಾಷ್ ಮೊದಲಾದ ಲವಣಗಳನ್ನು ಹಾಕಿ ಯೀಸ್ಟ್ ಬಿಡುತ್ತಾರೆ. ಎಣ್ಣೆ ನೀರಿನಲ್ಲಿ ಬೆರೆಯದ ಕಾರಣ ಬಿಡದೆ ಕಡೆಯುತ್ತಿರಬೇಕು. ಯೀಸ್ಟಿಗೆ ಉಸಿರಾಡಲು ಯಂತ್ರದಿಂದ ಗಾಳಿ ತುಂಬುತ್ತಿರಬೇಕು. ಬೆಳೆಯುವಾಗ ಅದು ಬಹಳ ಶಾಖ ಬಿಡುತ್ತದೆ. ತೊಟ್ಟಿಯನ್ನು ಸುಮಾರು 30 ಡಿಗ್ರಿಯಲ್ಲಿ ಇಡಲು ತಣ್ಣೀರು ಹರಿಸುತ್ತಲೇ ಇರಬೇಕು. ಕೊನೆಗೆ ಡೈರಿಯಲ್ಲಿ ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರದಂಥ ಯಂತ್ರದಲ್ಲಿ ತಿರುಗಿಸಿ ಯೀಸ್ಟನ್ನು ಬೇರೆ ಮಾಡಿ, ತೊಳೆದು, ಬಿಸಿ ಗಾಳಿಯಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ.

ಒಂದು ಕಿಲೋ ಸಕ್ಕರೆ ತಿಂದು ಯೀಸ್ಟ್ ಸುಮಾರು ಅರ್ಧ ಕಿಲೋದಷ್ಟು ಬೆಳೆದರೆ, ಒಂದು ಕಿಲೋ ಮೇಣ ತಿಂದು ಹೆಚ್ಚುಕಡಿಮೆ ಒಂದು ಕಿಲೋ ಬೆಳೆಯುತ್ತದೆ. ಕಂಪನಿಗಳ ಕಣ್ಣು ಅರಳಿದ್ದು ಈ ಲೆಕ್ಕಕ್ಕೆ.

ಶುರುವಾದದ್ದು ಫ್ರಾನ್ಸಿನಲ್ಲಿ

ದಕ್ಷಿಣ ಫ್ರಾನ್ಸಿನ ಮಾರ್ಸೆ ನಗರದ ಹತ್ತಿರ ಲಾವೆರಾ ಎಂಬಲ್ಲಿ ಬಿಪಿ ಕಂಪನಿಯ ತೈಲ ಶುದ್ಧೀಕರಣ ಘಟಕ ಇತ್ತು. ಅಲ್ಲಿ ಆಲ್ಫ್ರೆಡ್ ಶಾಂಪಾನ್ಯಾ ಎಂಬ ವಿಜ್ಞಾನಿಯ ತಂಡ ಯೀಸ್ಟಿನಿಂದ ಮೇಣ ತೆಗೆಸುವ ಕೆಲಸಕ್ಕೆ ಕೈ ಹಾಕಿತು. ಡೀಸೆಲ್ ಶುದ್ಧವಾಯಿತು, ಜೊತೆಗೆ ಪ್ರೋಟೀನ್ ಪುಡಿಯೂ ಸಿಕ್ಕಿತು. 1963ರಲ್ಲಿ ಅಲ್ಲಿ ಚಿಕ್ಕ ಪ್ರಾಯೋಗಿಕ ಘಟಕ ಶುರುವಾಯಿತು. ಮುಂದೆ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನಲ್ಲಿ ವರ್ಷಕ್ಕೆ 4,000 ಟನ್ ಸಾಮರ್ಥ್ಯದ ಘಟಕ, ಲಾವೆರಾದಲ್ಲಿ 16,000 ಟನ್ ಸಾಮರ್ಥ್ಯದ ಘಟಕ ಬಂದವು. ಮಾಲಿಗೆ ಟೊಪ್ರಿನಾ ಎಂದು ಹೆಸರಿಟ್ಟರು. ಈ ಕೆಲಸಕ್ಕಾಗಿ ಶಾಂಪಾನ್ಯಾ ಅವರಿಗೆ 1976ರಲ್ಲಿ ಯುನೆಸ್ಕೊ ವಿಜ್ಞಾನ ಪ್ರಶಸ್ತಿ ಸಂದಿತು.

ಆ ಕಾಲದ ಪರಿಸ್ಥಿತಿಯನ್ನೂ ನೆನೆಯಬೇಕು. ಜನಸಂಖ್ಯೆ ಏರುತ್ತಿತ್ತು, ಬಡ ದೇಶಗಳಲ್ಲಿ ಪ್ರೋಟೀನ್ ಕೊರತೆ ಎಂಬ ಮಾತು ವಿಶ್ವಸಂಸ್ಥೆಯ ಸಭೆಗಳಲ್ಲಿ ದಿನವೂ ಕೇಳಿಬರುತ್ತಿತ್ತು. ಕಚ್ಚಾ ಎಣ್ಣೆ ಬ್ಯಾರೆಲ್ಲಿಗೆ 3 ಡಾಲರಿನ ಒಳಗೇ ಸಿಗುತ್ತಿತ್ತು. ಕೋಳಿ, ಹಂದಿಗಳ ಆಹಾರಕ್ಕೆ ಯುರೋಪ್ ಅಮೆರಿಕದ ಸೋಯಾ ಮತ್ತು ಪೆರು ದೇಶದ ಮೀನಿನ ಪುಡಿಯನ್ನು ನೆಚ್ಚಿಕೊಂಡಿತ್ತು. 1972ರಲ್ಲಿ ಪೆರುವಿನ ಮೀನುಗಾರಿಕೆ ಕುಸಿದು ಬಿತ್ತು. 1973ರಲ್ಲಿ ಅಮೆರಿಕ ಸೋಯಾ ರಫ್ತಿಗೆ ಕೆಲಕಾಲ ತಡೆ ಹಾಕಿತು. ಹೊಲವನ್ನೇ ನಂಬದ ಪ್ರೋಟೀನ್ ಬೇಕು ಎಂಬ ಕೂಗಿಗೆ ಬಲ ಬಂತು.

ಸುರಕ್ಷಿತವೇ? ಪರೀಕ್ಷೆಗಳು ಹೇಳಿದ್ದೇನು?

ಪೆಟ್ರೋಲಿಯಂ ಎಂದ ಕೂಡಲೇ ವಿಷ ಎಂಬ ಭಾವನೆ ಬರುವುದು ಸಹಜ. ಕಂಪನಿಗಳಿಗೂ ಇದು ಗೊತ್ತಿತ್ತು. ಆದ್ದರಿಂದ ನೆದರ್ಲೆಂಡ್ಸಿನ ಟಿಎನ್‌ಒ ಸಂಶೋಧನಾ ಸಂಸ್ಥೆಯಲ್ಲಿ ವರ್ಷಗಟ್ಟಲೆ ಪರೀಕ್ಷೆ ನಡೆಯಿತು. ಇಲಿಗಳಿಗೆ, ಹಕ್ಕಿಗಳಿಗೆ, ಹಂದಿಗಳಿಗೆ ಹಲವು ತಲೆಮಾರು ಇದೇ ಆಹಾರ ತಿನ್ನಿಸಿ ನೋಡಿದರು. ಗಂಭೀರ ತೊಂದರೆ ಕಾಣಲಿಲ್ಲ, ಪ್ರಾಣಿಗಳು ಚೆನ್ನಾಗಿಯೇ ಬೆಳೆದವು ಎಂದು ವರದಿ ಬಂತು.

ಆದರೂ ಮೂರು ಪ್ರಶ್ನೆಗಳು ಉಳಿದವು.

ಒಂದು, ಎಣ್ಣೆಯ ಶೇಷ. ಕಚ್ಚಾ ಎಣ್ಣೆಯಲ್ಲಿ ಕ್ಯಾನ್ಸರ್ ತರಬಲ್ಲ ಕೆಲವು ಸಂಯುಕ್ತಗಳಿವೆ. ಅವು ಯೀಸ್ಟಿನಲ್ಲಿ ಉಳಿದರೆ ಗತಿಯೇನು? ಮೊದಲೇ ಶುದ್ಧ ಮಾಡಿದ ಪ್ಯಾರಾಫಿನ್ ಬಳಸಿದರೆ ಈ ಅಪಾಯ ಬಹಳ ಕಡಿಮೆ. ನೇರವಾಗಿ ಡೀಸೆಲಿನಂಥ ಎಣ್ಣೆ ಬಳಸಿದರೆ ಯೀಸ್ಟನ್ನು ದ್ರಾವಕದಿಂದ ಚೆನ್ನಾಗಿ ತೊಳೆಯಲೇಬೇಕು.

ಎರಡು, ನ್ಯೂಕ್ಲಿಯಿಕ್ ಆಮ್ಲ. ವೇಗವಾಗಿ ಬೆಳೆಯುವ ಎಲ್ಲ ಸೂಕ್ಷ್ಮಜೀವಿಗಳಲ್ಲೂ ಇದು ಹೆಚ್ಚು. ಮನುಷ್ಯ ಹೆಚ್ಚು ತಿಂದರೆ ರಕ್ತದಲ್ಲಿ ಯೂರಿಕ್ ಆಮ್ಲ ಏರಿ ಗೌಟ್ ಎಂಬ ಕೀಲುನೋವು, ಮೂತ್ರಕೋಶದ ಕಲ್ಲು ಬರಬಹುದು. ದನ, ಹಂದಿಗಳ ದೇಹದಲ್ಲಿ ಯೂರಿಕ್ ಆಮ್ಲವನ್ನು ಒಡೆಯುವ ಕಿಣ್ವ ಇದೆ, ಕೋಳಿ ಅದನ್ನು ಹಿಕ್ಕೆಯಲ್ಲೇ ಹೊರಹಾಕುತ್ತದೆ. ಈ ಕಾರಣದಿಂದಲೂ ಇದನ್ನು ಮನುಷ್ಯರಿಗೆ ನೇರವಾಗಿ ಕೊಡದೆ ಪಶು ಆಹಾರವಾಗಿಯೇ ಮಾರಲು ಹೊರಟರು.

ಮೂರು, ಪ್ರಾಣಿಯ ಮೂಲಕ ನಮಗೆ ಬರುವುದು. ಹಸು ತಿಂದದ್ದರ ಒಂದು ಪಾಲು ಹಾಲಿಗೆ ಬರುತ್ತದೆ, ಹಂದಿ ತಿಂದದ್ದು ಕೊಬ್ಬಿಗೆ ಸೇರುತ್ತದೆ. ಇಟಲಿಯ ಆರೋಗ್ಯ ಸಂಸ್ಥೆ ಎತ್ತಿದ ಆಕ್ಷೇಪವೂ ಇದೇ. ಈ ಆಹಾರ ತಿಂದ ಹಂದಿಗಳ ಕೊಬ್ಬಿನಲ್ಲಿ ಪ್ಯಾರಾಫಿನ್ನಿನ ಅಂಶ ಕಂಡಿದೆ, ಅದು ಏನು ಮಾಡುತ್ತದೆ ಎಂದು ಖಚಿತವಾಗಿ ಹೇಳಿ ಎಂದು ಅದು ಕೇಳಿತು.

ಜಪಾನಿನಲ್ಲಿ ಜನ, ಇಟಲಿಯಲ್ಲಿ ಸರ್ಕಾರ

ಮೊದಲ ಪೆಟ್ಟು ಬಿದ್ದದ್ದು ಜಪಾನಿನಲ್ಲಿ. ಮಿನಮಾಟಾದಲ್ಲಿ ಕಾರ್ಖಾನೆಯ ಪಾದರಸ ಮೀನಿನ ಮೂಲಕ ಜನರ ಹೊಟ್ಟೆ ಸೇರಿ ಅನರ್ಥವಾದದ್ದನ್ನು ಆ ದೇಶ ನೋಡಿತ್ತು. 1968ರಲ್ಲಿ ಅಡುಗೆ ಎಣ್ಣೆಗೆ ಪಿಸಿಬಿ ರಾಸಾಯನಿಕ ಸೇರಿ ಸಾವಿರಾರು ಜನ ಕಾಯಿಲೆ ಬಿದ್ದಿದ್ದರು. ಇದರ ನಡುವೆ ಪೆಟ್ರೋಲಿಯಂ ಆಹಾರ ಎಂಬ ಮಾತು ಬಂದಾಗ ಗೃಹಿಣಿಯರ ಮತ್ತು ಗ್ರಾಹಕರ ಸಂಘಗಳು ಬೀದಿಗಿಳಿದವು. 1973ರಲ್ಲಿ ಅಲ್ಲಿನ ಕಂಪನಿಗಳು ದೇಶದೊಳಗಿನ ಯೋಜನೆಯನ್ನು ಕೈಬಿಟ್ಟವು. ಪರೀಕ್ಷೆಯ ವರದಿ ಹಿಡಿದು ಬಂದವರನ್ನು ಜನ ನಂಬಲಿಲ್ಲ. ಹಿಂದೆ ನಂಬಿ ಕೆಟ್ಟ ಅನುಭವ ಅವರದಾಗಿತ್ತು.

ಇಟಲಿಯ ಕಥೆ ಇನ್ನೂ ವಿಚಿತ್ರ. ಸಾರ್ಡೀನಿಯಾ ದ್ವೀಪದ ಸರೋಕ್‌ನಲ್ಲಿ ಬಿಪಿ ಕಂಪನಿ ಇಟಲಿಯ ಅನಿಕ್ ಕಂಪನಿಯ ಜೊತೆ ಸೇರಿ ವರ್ಷಕ್ಕೆ 1 ಲಕ್ಷ ಟನ್ನಿನ ಕಾರ್ಖಾನೆ ಕಟ್ಟಿತು. ದಕ್ಷಿಣದ ಕಲಾಬ್ರಿಯಾದ ಸಲೀನೆ ಯೋನಿಕೆ ಎಂಬ ಸಮುದ್ರ ತೀರದ ಊರಿನಲ್ಲಿ ಲಿಕ್ವಿಕಿಮಿಕಾ ಕಂಪನಿ ಇಂಥದೇ ದೊಡ್ಡ ಕಾರ್ಖಾನೆ ಎಬ್ಬಿಸಿತು. ಎರಡೂ ಕಡೆ ಬಡತನ ಹೆಚ್ಚು, ಕೆಲಸ ಸಿಗುತ್ತದೆಂದು ಜನ ಕಾದಿದ್ದರು. ಆದರೆ ಮಾಲು ಮಾರಲು ಆರೋಗ್ಯ ಇಲಾಖೆಯ ಪರವಾನಗಿ ಕೊನೆಗೂ ಗಟ್ಟಿಯಾಗಲಿಲ್ಲ. ಬಿಪಿ 1978ರ ಹೊತ್ತಿಗೆ ಕೈತೊಳೆದುಕೊಂಡಿತು. ಕಲಾಬ್ರಿಯಾದ ಕಾರ್ಖಾನೆ ಪಾಳುಬಿದ್ದ ಕಟ್ಟಡವಾಗಿ ಉಳಿಯಿತು. ಜಮೀನು ಹೋಯಿತು, ಕೆಲಸವೂ ಬರಲಿಲ್ಲ. ಸೋಯಾ ವ್ಯಾಪಾರಿಗಳ ಒತ್ತಡವೂ ಇದರ ಹಿಂದೆ ಇತ್ತು ಎಂಬ ಮಾತು ಆಗಲೇ ಇತ್ತು.

ನಿಜವಾದ ಪೆಟ್ಟು ಬೆಲೆಯದು

ಪರವಾನಗಿ ಸಿಕ್ಕಿದ್ದರೂ ಯೋಜನೆ ಉಳಿಯುವುದು ಕಷ್ಟವಿತ್ತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ಪೂರೈಕೆ ಬಿಗಿ ಮಾಡಿದವು. 3 ಡಾಲರಿನ ಬ್ಯಾರೆಲ್ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರ ಹೋಯಿತು. ಮೇಣ, ಗಾಳಿ ತುಂಬುವ ವಿದ್ಯುತ್, ಒಣಗಿಸುವ ಇಂಧನ, ಅಮೋನಿಯಾ ಎಲ್ಲಕ್ಕೂ ಮೂಲ ತೈಲ ಅಥವಾ ಅನಿಲವೇ. ಎಲ್ಲವೂ ಒಟ್ಟಿಗೇ ತುಟ್ಟಿಯಾದವು. ಅತ್ತ ಸೋಯಾ ಬೆಳೆ ಬ್ರೆಜಿಲ್ ಮೊದಲಾದ ದೇಶಗಳಿಗೆ ಹಬ್ಬಿ ಹಿಂಡಿಯ ದರ ಇಳಿಯಿತು. ಹೊಲದ ಹಿಂಡಿಯ ಎದುರು ಕಾರ್ಖಾನೆಯ ಯೀಸ್ಟ್ ಸೋತಿತು.

ಬ್ರಿಟನ್ನಿನ ಐಸಿಐ ಕಂಪನಿ ಬೇರೆ ದಾರಿ ಹಿಡಿದು ನೈಸರ್ಗಿಕ ಅನಿಲದಿಂದ ಮೆಥನಾಲ್ ಮಾಡಿ ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಸಿತು. ಬಿಲ್ಲಿಂಗ್‌ಹ್ಯಾಮ್‌ನಲ್ಲಿ 15 ಲಕ್ಷ ಲೀಟರಿನ ಒಂದೇ ತೊಟ್ಟಿ ಕಟ್ಟಿ 1980ರ ಆಸುಪಾಸಿಗೆ ಪ್ರುಟೀನ್ ಎಂಬ ಪಶು ಆಹಾರ ತಯಾರಿಸಿತು. ತಂತ್ರ ಗೆದ್ದಿತು, ವ್ಯಾಪಾರ ಸೋತಿತು. ಅದೇ ದಶಕದಲ್ಲಿ ಅದೂ ನಿಂತಿತು.

ಸೋವಿಯತ್ ಒಕ್ಕೂಟ: ಕಿರಿಷಿಯ ಪಾಠ

ಸೋವಿಯತ್ ಒಕ್ಕೂಟದಲ್ಲಿ ಮಾರುಕಟ್ಟೆ ಲೆಕ್ಕ ಇರಲಿಲ್ಲ. ಸೋಯಾ ಕೊಳ್ಳಲು ಡಾಲರ್ ಇರಲಿಲ್ಲ, ತೈಲ ಬೇಕಾದಷ್ಟಿತ್ತು. ಕ್ಸ್ತೋವೊದಲ್ಲಿ 1973ರಲ್ಲಿ, ಲೆನಿನ್‌ಗ್ರಾಡ್ ಪ್ರಾಂತದ ಕಿರಿಷಿಯಲ್ಲಿ 1974ರಲ್ಲಿ ದೊಡ್ಡ ಕಾರ್ಖಾನೆಗಳು ತೆರೆದವು. 1989ರ ಹೊತ್ತಿಗೆ ಇಂಥ ಎಂಟು ಕಾರ್ಖಾನೆಗಳಿದ್ದವು. ಮಾಲಿಗೆ ಬಿವಿಕೆ, ಅಂದರೆ ಪ್ರೋಟೀನ್ ಮತ್ತು ವಿಟಮಿನ್ ಸಾಂದ್ರ ಆಹಾರ ಎಂದು ಹೆಸರು. ದೇಶದ ಕೋಳಿ, ಹಂದಿ ಸಾಕಣೆಗೆ ಇದು ಮುಖ್ಯ ಆಧಾರವಾಯಿತು.

ತೊಂದರೆ ಬಂದದ್ದು ತಿಂದ ಪ್ರಾಣಿಗಳಿಂದಲ್ಲ, ಗಾಳಿಯಿಂದ. ಯೀಸ್ಟ್ ಒಣಗಿಸುವಾಗ ಎದ್ದ ನುಣುಪಾದ ಪ್ರೋಟೀನ್ ಧೂಳು ಕಿರಿಷಿ ಪಟ್ಟಣದ ಮೇಲೆ ಹರಡುತ್ತಿತ್ತು. ಕಾರ್ಮಿಕರಲ್ಲಿ, ಊರ ಮಕ್ಕಳಲ್ಲಿ ಉಬ್ಬಸ, ಅಲರ್ಜಿ ಹೆಚ್ಚಿತು. ಮಕ್ಕಳ ಸಾವಿಗೂ ಇದೇ ಕಾರಣವೆಂದು ಜನ ದೂರಿದರು. ಗೋರ್ಬಚೆವ್ ಕಾಲದಲ್ಲಿ ಮಾತನಾಡಲು ಅವಕಾಶ ಸಿಕ್ಕ ಕೂಡಲೇ, 1987ರಲ್ಲಿ ಸಾವಿರಾರು ಜನ ಬೀದಿಗಿಳಿದರು. ಆ ದೇಶದ ಪರಿಸರ ಚಳವಳಿಯ ಮೊದಲ ದೊಡ್ಡ ಪ್ರತಿಭಟನೆಗಳಲ್ಲಿ ಇದೂ ಒಂದು. ಮುಂದೆ ಪ್ಯಾರಾಫಿನ್ ಯೀಸ್ಟ್ ಕಾರ್ಖಾನೆಗಳನ್ನು ಮುಚ್ಚುವ, ಇಲ್ಲವೇ ಬೇರೆ ಕೆಲಸಕ್ಕೆ ಬದಲಿಸುವ ತೀರ್ಮಾನವಾಯಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಪರೀಕ್ಷೆಗಳೆಲ್ಲ ಆಹಾರ ತಿನ್ನುವ ಪ್ರಾಣಿಯ ಮೇಲೆ ನಡೆದವು. ಕಾರ್ಖಾನೆಯ ಪಕ್ಕ ಉಸಿರಾಡುವ ಮನುಷ್ಯನನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಭಾರತದಲ್ಲಿ

ನಮ್ಮ ದೇಶದಲ್ಲೂ 1960 ಮತ್ತು 70ರ ದಶಕಗಳಲ್ಲಿ ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ ಮತ್ತು ಅಸ್ಸಾಮಿನ ಜೋರ್‌ಹಾಟ್‌ನ ಪ್ರಾದೇಶಿಕ ಸಂಶೋಧನಾಲಯ ಈ ವಿಷಯದಲ್ಲಿ ಕೆಲಸ ಮಾಡಿದವು. ಅಸ್ಸಾಮಿನ ಕಚ್ಚಾ ಎಣ್ಣೆಯಲ್ಲಿ ಮೇಣದ ಅಂಶ ಹೆಚ್ಚು. ಆದರೆ ಇಲ್ಲಿ ದೊಡ್ಡ ಕಾರ್ಖಾನೆ ಬರಲಿಲ್ಲ. ಎಣ್ಣೆ ಆಮದು ಮಾಡಿಕೊಳ್ಳುವ, ಶೇಂಗಾ, ಹತ್ತಿಕಾಳಿನ ಹಿಂಡಿ ಇರುವ ದೇಶಕ್ಕೆ ಇದು ಹೊಂದುವ ಬಾಬತ್ತೂ ಆಗಿರಲಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆ ಎಣ್ಣೆಯ ಗೊಡವೆ ಇಲ್ಲದ ಇನ್ನೊಂದು ಸೂಕ್ಷ್ಮಜೀವಿಯನ್ನು, ಬಿಸಿಲಿನಲ್ಲಿ ಬೆಳೆಯುವ ಸ್ಪಿರುಲಿನಾ ಪಾಚಿಯನ್ನು ಬೆಳೆಸುವ ವಿಧಾನ ರೂಪಿಸಿತು.

ಈಗ ಎಲ್ಲಿಗೆ ಬಂದಿದೆ?

ಮೇಣದ ಯೀಸ್ಟ್ ಹೋಯಿತು, ಆಲೋಚನೆ ಹೋಗಿಲ್ಲ. ಈಗ ಮೇಣದ ಬದಲು ಮೀಥೇನ್ ಅನಿಲ, ಕಾರ್ಖಾನೆಗಳ ಹೊಗೆ ಬಳಕೆಗೆ ಬಂದಿವೆ. ಬೆಂಗಳೂರಿನಲ್ಲಿ 2013ರಲ್ಲಿ ಶುರುವಾದ ಸ್ಟ್ರಿಂಗ್ ಬಯೋ ಕಂಪನಿ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾದಿಂದ ಪ್ರೋಟೀನ್ ಮಾಡುವ ತಂತ್ರ ರೂಪಿಸಿದೆ. ಚೀನಾದ ಚೊಂಗ್‌ಚಿಂಗ್‌ನಲ್ಲಿ ಇದೇ ಬಗೆಯ, ವರ್ಷಕ್ಕೆ 20,000 ಟನ್ ಸಾಮರ್ಥ್ಯದ ಕಾರ್ಖಾನೆ 2022ರಲ್ಲಿ ಸಿದ್ಧವಾಯಿತು. ಅದರ ಮುಖ್ಯ ಗಿರಾಕಿ ಮೀನು, ಸಿಗಡಿ ಸಾಕಣೆ. ಉಕ್ಕಿನ ಕಾರ್ಖಾನೆಯ ಅನಿಲದಿಂದ ಬೆಳೆಸಿದ ಪ್ರೋಟೀನಿಗೆ ಚೀನಾ ಸರ್ಕಾರ 2021ರಲ್ಲಿ ಪಶು ಆಹಾರವಾಗಿ ಒಪ್ಪಿಗೆ ಕೊಟ್ಟಿತು. ಹಿಂದೆ ಮೇಣ ತಿಂದ ಯೀಸ್ಟುಗಳಲ್ಲಿ ಮುಖ್ಯವಾದ ಯಾರೋವಿಯಾ ಜಾತಿಯನ್ನು ಮನುಷ್ಯರ ಪೂರಕ ಆಹಾರದಲ್ಲಿ ಬಳಸಲು ಯುರೋಪ್ ಒಕ್ಕೂಟ 2019ರಲ್ಲಿ ಅನುಮತಿ ನೀಡಿತು. ಅಂದರೆ ಜೀವಿ ಕೆಟ್ಟದ್ದಲ್ಲ, ಅದಕ್ಕೆ ಏನು ತಿನ್ನಿಸಿದರು, ಹೇಗೆ ತೊಳೆದರು ಎಂಬುದೇ ಮುಖ್ಯ.

ನಮ್ಮ ಹಟ್ಟಿಗೆ ಇದರಿಂದ ಏನು?

ಅಂಗಡಿಯಲ್ಲಿ ಪಶು ಆಹಾರದ ಜೊತೆ ಇಂದು ಮಾರುವ ಯೀಸ್ಟ್ ಪುಡಿ ಸಾಮಾನ್ಯವಾಗಿ ಕಬ್ಬಿನ ಕಾಕಂಬಿಯ ಮೇಲೆ ಬೆಳೆಸಿದ ಬ್ರೆಡ್ ಯೀಸ್ಟಿನ ಜಾತಿಯದು. ಅದಕ್ಕೂ ಪೆಟ್ರೋಲಿಯಂ ಯೀಸ್ಟಿಗೂ ಸಂಬಂಧವಿಲ್ಲ. ಹೆಸರು ಕೇಳಿ ಹೆದರಬೇಕಿಲ್ಲ.

ಹಾಗೆಯೇ ಹೊಲದಿಂದ ಬಂದದ್ದೆಲ್ಲ ಸುರಕ್ಷಿತ ಎಂದೂ ತಿಳಿಯಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಕಾರಣ ಬ್ರೆಜಿಲ್‌ನಿಂದ ಬಂದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಗೊತ್ತಾದದ್ದೇ ಆಗ. ಹಸು ಅಂಥ ಹಿಂಡಿ ತಿಂದರೆ ವಿಷದ ಒಂದು ಅಂಶ ಹಾಲಿಗೂ ಇಳಿಯುತ್ತದೆ. ಆದ್ದರಿಂದ ತೇವ ಹಿಡಿದ, ಹಸಿರು ಅಥವಾ ಕಪ್ಪು ಬೂಷ್ಟಿನ ಹಿಂಡಿಯನ್ನು ದರ ಕಡಿಮೆ ಎಂದು ತರಬಾರದು. ಸಿದ್ಧ ಪಶು ಆಹಾರ ಕೊಳ್ಳುವಾಗ ಚೀಲದ ಮೇಲೆ ಐಎಸ್ 2052 ಗುರುತು, ಪ್ರೋಟೀನ್ ಪ್ರಮಾಣ ಮತ್ತು ತಯಾರಾದ ದಿನ ನೋಡಬೇಕು.

ಇನ್ನೊಂದು ಸಂಗತಿ. ಅನಿಲದಿಂದ ಪ್ರೋಟೀನ್ ಮಾಡುವ ಕೆಲಸ ಹಸುವಿನ ಹೊಟ್ಟೆಯಲ್ಲೇ ನಡೆಯುತ್ತದೆ. ಯೂರಿಯಾ ತಯಾರಾಗುವುದು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ. ಯೂರಿಯಾ ಉಪಚರಿಸಿದ ಒಣಹುಲ್ಲು ತಿಂದಾಗ, ಮೆಲುಕು ಹಾಕುವ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಸಾರಜನಕ ಬಳಸಿ ಬೆಳೆಯುತ್ತವೆ, ಹಸು ಅವನ್ನೇ ಜೀರ್ಣಿಸಿಕೊಂಡು ಪ್ರೋಟೀನ್ ಪಡೆಯುತ್ತದೆ. ಆದರೆ ಅಳತೆ ತಪ್ಪಿದರೆ ಯೂರಿಯಾ ವಿಷ. ಎಳೆಗರುಗಳಿಗೆ ಕೊಡಲೇಬಾರದು. ಪಶುವೈದ್ಯರು ಹೇಳಿದ ಪ್ರಮಾಣ ಮತ್ತು ವಿಧಾನದಲ್ಲಿ ಮಾತ್ರ ಮಾಡಬೇಕು.

ಪೆಟ್ರೋಲಿಯಂ ಯೀಸ್ಟ್ ತಂತ್ರದಲ್ಲಿ ಸೋಲಲಿಲ್ಲ. ಬೆಲೆಯಲ್ಲಿ ಸೋತಿತು, ಜನರ ನಂಬಿಕೆ ಗಳಿಸುವುದರಲ್ಲಿ ಸೋತಿತು. ನಾಳೆ ಅನಿಲದ ಪ್ರೋಟೀನ್ ನಮ್ಮೂರಿನ ಅಂಗಡಿಗೆ ಬಂದೀತು. ಆಗ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಇದನ್ನು ಏನು ತಿನ್ನಿಸಿ ಬೆಳೆಸಿದರು, ಪರೀಕ್ಷೆ ಮಾಡಿದವರು ಯಾರು, ಹಾಲಿಗೆ ಮತ್ತು ಮಾಂಸಕ್ಕೆ ಏನು ಬರುತ್ತದೆ, ಕಾರ್ಖಾನೆಯ ಪಕ್ಕದ ಊರಿನವರು ಏನು ಹೇಳುತ್ತಾರೆ. ಕೊನೆಯ ಪ್ರಶ್ನೆ ಕೇಳುವುದನ್ನು ಮಾತ್ರ ಮರೆಯಬಾರದು.